ಅಲಾರಂ ಕೂಗಿದಾಗ ಗೇಟಿನ ಬಳಿ ಬರುವವರು ಯಾರು?

ನಾಲ್ಕು ತಿಂಗಳು ಬೀಗ ಬಿದ್ದಿದ್ದ ನಮ್ಮ ಮನೆಯ ಬಾಗಿಲನ್ನು ಮೊನ್ನೆ ತೆರೆದೆವು. ಹೊಸ್ತಿಲು ದಾಟುತ್ತಿದ್ದಂತೆ ಗೋಡೆಯ ಮೇಲಿನ ಅಲಾರಂ ಪೆಟ್ಟಿಗೆ ಬೀಪ್ ಬೀಪ್ ಎಂದು ಎಣಿಸತೊಡಗಿತು. ಮೂವತ್ತು ಸೆಕೆಂಡಿನೊಳಗೆ ಗುಪ್ತಸಂಖ್ಯೆ ಒತ್ತಬೇಕು. ರೈಲಿನಲ್ಲಿ ರಾತ್ರಿಯಿಡೀ ನಿದ್ದೆಯಿಲ್ಲದ ಕೈ ನಡುಗಿ ಮೊದಲ ಸಲ ತಪ್ಪಿದೆ, ಎರಡನೆಯ ಸಲ ಸರಿಯಾಯಿತು. ಅರ್ಧ ನಿಮಿಷದಲ್ಲಿ ಅಲಾರಂ ಮೇಲೆ ನಿಗಾ ಇಡುವ ಕೇಂದ್ರದಿಂದ ಫೋನ್ ಬಂತು: "ಅಮ್ಮಾ, ಬಂದದ್ದು ನೀವೇ ತಾನೆ? ಗುರುತಿನ ಪದ ಹೇಳಿ." ಹೇಳಿದೆ. ಆಮೇಲೆ ಚಾವಡಿಯಲ್ಲಿ ಕುಳಿತು ಮಾಡಿನ ಕಡೆಗೆ ನೋಡಿದೆ. ಹಳೆಯ ಹಂಚುಗಳ ನಡುವೆ ಹನ್ನೊಂದು ಹೊಸ ಹಂಚುಗಳು ಕೆಂಪಗೆ ಎದ್ದು ಕಾಣುತ್ತಿದ್ದವು. ಅವುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಳೆಗಾಲದಲ್ಲೋ ಬಾಣಂತನಕ್ಕೋ ಮಕ್ಕಳ ಊರಿಗೆ ಹೋಗಿ ತಿಂಗಳುಗಟ್ಟಲೆ ಮನೆ ಮುಚ್ಚುವವರು ಉಡುಪಿಯ ಪ್ರತಿ ಓಣಿಯಲ್ಲೂ ಇದ್ದಾರೆ. ಅಲಾರಂ ಇಡಬೇಕೆಂದು ಹೊರಟಾಗ ನನಗೆ ಸರಿಯಾಗಿ ಹೇಳುವವರು ಸಿಗಲಿಲ್ಲ. ಅಂಗಡಿಯವರು ಅಂಗಡಿಯ ಮಾತು ಹೇಳಿದರು, ಮಗಳು ಪುಣೆಯ ಫ್ಲ್ಯಾಟಿನ ಮಾತು ಹೇಳಿದಳು. ಹಂಚಿನ ಮನೆ, ಸಿಡಿಲು, ಹೋಗಿಬರುವ ಕರೆಂಟು ಇವೆಲ್ಲ ಅವರ ಲೆಕ್ಕದಲ್ಲಿ ಇರಲಿಲ್ಲ.

ಶುರುವಾದದ್ದು ಮಾರ್ಚಿನಲ್ಲಿ. ನಮ್ಮಿಂದ ಆರೇಳು ಮನೆ ಆಚೆ ಇರುವವರು ಎರಡು ದಿನಕ್ಕೆಂದು ಧರ್ಮಸ್ಥಳಕ್ಕೆ ಹೋಗಿದ್ದರು. ಹಿಂತಿರುಗಿದಾಗ ಮುಂದಿನ ಬಾಗಿಲು, ಹಿಂದಿನ ಬಾಗಿಲು, ಕಿಟಕಿಯ ಸರಳು ಎಲ್ಲವೂ ಇದ್ದ ಹಾಗೆಯೇ ಇದ್ದವು. ಅಡುಗೆಮನೆಯ ಮೇಲಿನ ಹಂಚು ಸರಿಸಿ, ರೀಪು ಮುರಿದು ಇಳಿದಿದ್ದರು. ಆರು ಪವನ್ ಚಿನ್ನ ಹೋಯಿತು. ಆ ಮನೆಯ ಅಕ್ಕ ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: "ಚಿನ್ನ ಹೋದದ್ದಕ್ಕಿಂತ, ನನ್ನ ಸೀರೆಗಳನ್ನೆಲ್ಲ ಯಾರೋ ಮುಟ್ಟಿ ಎಸೆದಿದ್ದಾರಲ್ಲ, ಅದು ಸಹಿಸಲಾಗುವುದಿಲ್ಲ."

ನಮ್ಮದೂ ಅಂಥದೇ ಮನೆ. ಮುಂದೆ ಚಾವಡಿ, ನಡುಕೋಣೆ, ಅಡುಗೆಮನೆ ಹಂಚಿನವು; ಪಕ್ಕಕ್ಕೆ ಹದಿನೈದು ವರ್ಷದ ಹಿಂದೆ ಕಟ್ಟಿಸಿದ ತಾರಸಿಯ ಎರಡು ಕೋಣೆ. ಮಗಳಿಗೆ ಜೂನ್ ಕೊನೆಗೆ ಹೆರಿಗೆ. ಜೂನ್ ಮೊದಲ ವಾರ ಹೊರಟರೆ ಬರುವುದು ಅಕ್ಟೋಬರಿಗೆ. ಚಿನ್ನವನ್ನು ಮರುದಿನವೇ ಬ್ಯಾಂಕಿನ ಲಾಕರಿನಲ್ಲಿ ಇಟ್ಟು ಬಂದೆ. ಮನೆಯನ್ನು ಲಾಕರಿನಲ್ಲಿ ಇಡಲಾಗುವುದಿಲ್ಲವಲ್ಲ.

ಮೊದಲ ತಪ್ಪು ನಮ್ಮವರದು. ಆನ್‌ಲೈನ್‌ನಲ್ಲಿ 6,200 ರೂಪಾಯಿಗೆ ಒಂದು ಅಲಾರಂ ಪೆಟ್ಟಿಗೆ ತರಿಸಿದರು. ಸಿಮ್ ಹಾಕಿದರೆ ಕಳ್ಳ ಬಂದಾಗ ಅದೇ ನಮಗೆ ಕರೆ ಮಾಡುತ್ತದೆ ಎಂದಿತ್ತು. ಮನೆಯಲ್ಲಿ ಖಾಲಿ ಇದ್ದ ಜಿಯೋ ಸಿಮ್ ಹಾಕಿದೆವು. ಮೂರು ದಿನ ಒದ್ದಾಡಿದರೂ ಸಿಗ್ನಲ್ ಬರಲಿಲ್ಲ. ಪೆಟ್ಟಿಗೆ 2ಜಿಯದು, ಜಿಯೋಗೆ 2ಜಿ ಜಾಲವೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಹಿಂತಿರುಗಿಸುವ ಗಡುವು ಮುಗಿದಿತ್ತು. ಕೊಳ್ಳುವ ಮೊದಲು 4ಜಿ ಸಿಮ್‌ನಲ್ಲಿ ಕೆಲಸ ಮಾಡುತ್ತದೆಯೇ ಎಂದು ಬರಹದಲ್ಲಿ ಕೇಳಿ. ಸಿಮ್ ಯಾವುದೇ ಇರಲಿ, ರೀಚಾರ್ಜ್ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಾವು ಇಲ್ಲದಾಗ ಸಿಮ್ ಸತ್ತರೆ ಪೆಟ್ಟಿಗೆ ಮೂಕವಾಗುತ್ತದೆ.

ಎರಡನೆಯದನ್ನು ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ನೋಡಿ, ಮುಟ್ಟಿ, ಕೇಳಿ ತಂದೆವು. ವೈಫೈ ಮತ್ತು 4ಜಿ ಸಿಮ್ ಎರಡೂ ಇರುವ ಪೆಟ್ಟಿಗೆ, ನಾಲ್ಕು ಬಾಗಿಲ ಸೆನ್ಸರ್, ಮೂರು ಚಲನೆಯ ಸೆನ್ಸರ್, ಒಂದು ಸೈರನ್, ಎರಡು ರಿಮೋಟ್. 14,800 ರೂಪಾಯಿ. ಜೋಡಿಸಲು ಬಂದ ಹುಡುಗನಿಗೆ 2,000.

ಆ ಹುಡುಗನಿಂದ ನಾನು ಬಹಳ ಕಲಿತೆ. ಬಾಗಿಲ ಸೆನ್ಸರ್ ಎಂದರೆ ಒಂದು ಅಯಸ್ಕಾಂತ, ಒಂದು ಸಣ್ಣ ಸ್ವಿಚ್. ಎರಡೂ ದೂರವಾದರೆ ಅಲಾರಂ. ಹಂಚು ತೆಗೆದು ಇಳಿಯುವವನಿಗೆ ಬಾಗಿಲಿನ ಹಂಗೇ ಇಲ್ಲ. ಆದ್ದರಿಂದ ನಮ್ಮಂಥ ಮನೆಗೆ ಚಲನೆಯ ಸೆನ್ಸರೇ ಮುಖ್ಯ. ಅದು ಕ್ಯಾಮೆರಾ ಅಲ್ಲ. ಮೈಯಿಂದ ಹೊರಡುವ ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಾಗ ಅದು ಗುರುತಿಸುತ್ತದೆ. ಕೋಣೆಯ ಸೆಖೆ ಮೈಯ ಶಾಖಕ್ಕೆ ಹತ್ತಿರವಾದಷ್ಟೂ ಅದರ ಕಣ್ಣು ಮಂಜಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಕಾದ ಹಂಚಿನ ಕೆಳಗೆ ನಾನು ನಿಧಾನ ನಡೆದರೆ ಅದಕ್ಕೆ ತಿಳಿಯಲೇ ಇಲ್ಲ! ರಾತ್ರಿ ಅದೇ ಸೆನ್ಸರ್ ಸರಿಯಾಗಿ ಹಿಡಿಯಿತು. ಮಧ್ಯಾಹ್ನ, ಸಂಜೆ, ರಾತ್ರಿ ಮೂರು ಹೊತ್ತೂ ನಡೆದು ಪರೀಕ್ಷಿಸಿಕೊಳ್ಳಿ. ಜೋಡಿಸಿದವನು ಒಂದು ಸಲ ಕೈಬೀಸಿ ತೋರಿಸಿದ್ದು ಸಾಲದು.

ಇನ್ನು ಸುಳ್ಳು ಅಲಾರಂಗಳು. ಮೊದಲ ಹತ್ತು ದಿನದಲ್ಲಿ ಏಳು ಸಲ ಸೈರನ್ ಕೂಗಿತು. ಎರಡು ಸಲ ಬೆಕ್ಕು, ಒಂದು ಸಲ ಪರದೆ ಗಾಳಿಗೆ ಹಾರಿದ್ದು. ಉಳಿದ ನಾಲ್ಕಕ್ಕೆ ಕಾರಣ ಸಿಗದೆ ರಾತ್ರಿ ದಿಗಿಲಾಗಿ ಎದ್ದು ಕುಳಿತೆವು. ಕೊನೆಗೆ ಹುಡುಗ ಬಂದು ನಡುಕೋಣೆಯ ಸೆನ್ಸರ್ ಬಿಚ್ಚಿದರೆ ಒಳಗೆ ಇರುವೆಗಳ ಗೂಡು. ಅಡುಗೆಮನೆಯದರ ಗಾಜಿನ ಮೇಲೆ ಹಲ್ಲಿ ಓಡಾಡಿದ ಗುರುತು. ತಂತಿ ಹೋಗುವ ತೂತನ್ನು ಸಿಲಿಕೋನ್ ಹಾಕಿ ಮುಚ್ಚಿದ. ಶಾಖವನ್ನೂ ಚಲನೆಯನ್ನೂ ಬೇರೆ ಬೇರೆ ವಿಧದಿಂದ ನೋಡಿ, ಎರಡೂ ಒಪ್ಪಿದರೆ ಮಾತ್ರ ಕೂಗುವ ಸೆನ್ಸರ್ ಒಂದನ್ನು ಚಾವಡಿಗೆ ಬದಲಾಯಿಸಿ ಕೊಟ್ಟ. ಆಮೇಲೆ ಶಾಂತವಾಯಿತು. ಹೊರಡುವ ಹಿಂದಿನ ದಿನ ಅಲಾರಂ ಜೋಡಿಸುವವರಿಗೆ ನನ್ನ ವಿನಂತಿ ಇಷ್ಟೇ: ಕನಿಷ್ಠ ಒಂದು ತಿಂಗಳು ಮನೆಯಲ್ಲಿದ್ದು ಅದರೊಂದಿಗೆ ಬಾಳಿ ನೋಡಿ.

ಇಲ್ಲಿಯವರೆಗೆ ನಮ್ಮ ಯೋಚನೆ, ನಿಗಾ ನಾವೇ ಇಡುವುದು ಎಂದೇ ಇತ್ತು. ಅಲಾರಂ ಕೂಗಿದರೆ ನಮ್ಮ ಎರಡು ಮೊಬೈಲ್‌ಗಳಿಗೂ ಸೂಚನೆ ಬರುತ್ತದೆ, ತಿಂಗಳ ಶುಲ್ಕವಿಲ್ಲ, ಮತ್ತೇಕೆ ಬೇರೆಯವರು ಎಂದುಕೊಂಡಿದ್ದೆವು.

ಏಪ್ರಿಲ್ ಕೊನೆಗೆ ಮುಂಬೈಯಲ್ಲಿ ನಮ್ಮವರ ಅಕ್ಕನ ಮಗನ ಮದುವೆ. ಮೂರು ದಿನದ ಪ್ರಯಾಣ. ಇದೇ ಪರೀಕ್ಷೆಯಾಗಲಿ ಎಂದು ಹೊರಟೆವು. ಮದುವೆಯ ಹಿಂದಿನ ರಾತ್ರಿ ಮಲಗುವಾಗ ಹನ್ನೆರಡೂವರೆ. ಬೆಳಿಗ್ಗೆ ಆರಕ್ಕೆ ಮೊಬೈಲ್ ನೋಡಿದರೆ ಪರದೆಯ ಮೇಲೆ ಕೆಂಪು ಅಕ್ಷರ: ಅಡುಗೆಮನೆ, ಚಲನೆ, 2.10. ನಾಲ್ಕು ಗಂಟೆ ಕಳೆದುಹೋಗಿತ್ತು. ನನ್ನ ಮೊಬೈಲ್ ಸೈಲೆಂಟಿನಲ್ಲಿತ್ತು. ನಮ್ಮವರ ಮೊಬೈಲಿನಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆ ಆ ಆ್ಯಪ್ ಅನ್ನೇ ಮಲಗಿಸಿಬಿಟ್ಟಿತ್ತು.

ಗಾಬರಿಯಲ್ಲಿ ಅವರು 112ಕ್ಕೆ ಕರೆ ಮಾಡಿದರು. ಮರಾಠಿಯಲ್ಲಿ ಉತ್ತರ ಬಂತು. 112 ನಾವು ನಿಂತಿರುವ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗುತ್ತದೆ, ನಮ್ಮ ಮನೆ ಇರುವ ರಾಜ್ಯಕ್ಕಲ್ಲ ಎಂಬುದು ಆಗ ಅರಿವಿಗೆ ಬಂತು. ಪರವೂರಿನಿಂದ ಮನೆ ಕಾಯುವವರು ದಯವಿಟ್ಟು ಇದನ್ನು ನೆನಪಿಡಿ. 0820ರಿಂದ ಆರಂಭವಾಗುವ ನಿಮ್ಮ ಠಾಣೆಯ ಸ್ಥಿರ ದೂರವಾಣಿಯನ್ನು, ಮಂಗಳೂರಿನವರಾದರೆ 0824ರದನ್ನು, ಮೊಬೈಲಿನಲ್ಲೂ ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ. ನಮ್ಮ ಹತ್ತಿರ ಆ ಸಂಖ್ಯೆ ಇರಲಿಲ್ಲ. ಪಕ್ಕದ ಮನೆಯ ಮಾಸ್ಟ್ರಿಗೆ ಕರೆ ಮಾಡಿದೆವು.

ಮಾಸ್ಟ್ರಿಗೆ ಎಪ್ಪತ್ತಾರು ವರ್ಷ. ಅವರು ಒಂದು ಕೋಲು, ಒಂದು ಟಾರ್ಚು ಹಿಡಿದು ನಮ್ಮ ಅಂಗಳಕ್ಕೆ ಹೋದರು. ಮನೆ ಸುತ್ತಿದರು, ಕಿಟಕಿಯಲ್ಲಿ ಇಣುಕಿದರು, ಹಂಚುಗಳನ್ನು ನೋಡಿದರು. "ಏನೂ ಇಲ್ಲ, ನಿಶ್ಚಿಂತೆಯಿಂದ ಮದುವೆ ಮುಗಿಸಿ ಬನ್ನಿ" ಎಂದರು. ಫೋನ್ ಇಟ್ಟ ಮೇಲೆ ನನಗೆ ಅಳು ಬಂತು. ಒಳಗೆ ನಿಜವಾಗಿ ಯಾರಾದರೂ ಇದ್ದಿದ್ದರೆ? 2024ರ ಜುಲೈಯಲ್ಲಿ ಮಂಗಳೂರಿನ ಮನೆಯೊಂದಕ್ಕೆ ನುಗ್ಗಿ ವೃದ್ಧ ದಂಪತಿಯ ಮೇಲೆ ಹಲ್ಲೆ ಮಾಡಿದ ತಂಡದ ಸುದ್ದಿಯನ್ನು ನಾವೆಲ್ಲ ಓದಿದವರೇ. ಹಾಗಿರುವಾಗ ಒಬ್ಬ ಹಿರಿಯರನ್ನು ನಾನು ಒಂಟಿಯಾಗಿ ಅಲ್ಲಿಗೆ ಕಳುಹಿಸಿದ್ದೆ. ನಾವೇ ನಿಗಾ ಇಡುತ್ತೇವೆ ಎಂದು ಹೇಳಿಕೊಳ್ಳುತ್ತಿದ್ದೆವಲ್ಲ, ನಿಜದಲ್ಲಿ ಆ ಭಾರ ಹೊತ್ತವರು ಮಾಸ್ಟ್ರು. ಅವರ ಒಪ್ಪಿಗೆಯನ್ನು ನಾವು ಕೇಳಿಯೂ ಇರಲಿಲ್ಲ.

ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು. ಯಾವ ಪೆಟ್ಟಿಗೆ ಒಳ್ಳೆಯದು ಎಂದು ಕೇಳುವುದನ್ನು ಬಿಟ್ಟೆ. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು, ಗೇಟಿನ ಬಳಿ ಬಂದು ನಿಲ್ಲುವವರು ಯಾರು ಎಂದು ಕೇಳತೊಡಗಿದೆ.

ದಿನದ ಇಪ್ಪತ್ತನಾಲ್ಕು ಗಂಟೆ ನಿಗಾ ಇಡುವ ಖಾಸಗಿ ಕೇಂದ್ರಗಳು ಈಗ ಕರಾವಳಿಯಲ್ಲೂ ಇವೆ; ದೇವಸ್ಥಾನ, ಸಹಕಾರ ಸಂಘ, ಅಂಗಡಿಗಳು ಅವರ ಗಿರಾಕಿಗಳು. ಇಬ್ಬರನ್ನು ವಿಚಾರಿಸಿದೆ. ಮೊದಲನೆಯವರು ತಮ್ಮದೇ ಸಲಕರಣೆ ಆಗಬೇಕೆಂದರು. ಆರಂಭಕ್ಕೆ 38,000, ತಿಂಗಳಿಗೆ 1,500, ಎರಡು ವರ್ಷ ಬಿಡುವಂತಿಲ್ಲ. ನಡುವೆ ಬಿಟ್ಟರೆ ಉಳಿದ ತಿಂಗಳ ಹಣವನ್ನೂ ಕಟ್ಟಬೇಕು, ಸಲಕರಣೆ ಅವರಿಗೇ ವಾಪಸು. ಈ ಕೊನೆಯ ಎರಡು ವಿಷಯ ಬಾಯಿಮಾತಿನಲ್ಲಿ ಬರಲಿಲ್ಲ. ಒಪ್ಪಂದದ ಆರನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಓದಲು ಮನೆಗೆ ಒಯ್ಯುತ್ತೇನೆ ಎಂದಾಗ ಕೊಡಲು ಹಿಂಜರಿದರು. ಅಲ್ಲಿಗೇ ಬಿಟ್ಟೆ.

ಎರಡನೆಯವರು ನಮ್ಮಲ್ಲಿದ್ದ ಪೆಟ್ಟಿಗೆಗೇ ಸಂಪರ್ಕ ಕೊಡಲು ಒಪ್ಪಿದರು. ತಿಂಗಳಿಗೆ 900, ಶೇಕಡಾ 18 ಜಿಎಸ್‌ಟಿ ಸೇರಿ 1,062. ಆರು ತಿಂಗಳಿನ ಹಣ ಮುಂಗಡ, 6,372 ರೂಪಾಯಿ. ಹೊರಗೆ ಎರಡು ಕ್ಯಾಮೆರಾ ಬೇಕೇಬೇಕು ಎಂದರು. ಅಲಾರಂ ಬಂದಾಗ ಚಿತ್ರ ನೋಡಿ ಖಚಿತ ಮಾಡಿಕೊಂಡ ಮೇಲೆ ಪೊಲೀಸರಿಗೆ ಹೇಳುವುದು ಅವರ ಕ್ರಮ. ಸುಳ್ಳು ಕರೆಗಳಿಂದ ಠಾಣೆಯವರು ಬೇಸತ್ತರೆ ನಿಜವಾದ ಕರೆಗೂ ಬೆಲೆ ಇರುವುದಿಲ್ಲ ಎಂಬ ಅವರ ಮಾತು ನನಗೆ ಸರಿಯೆನಿಸಿತು. ಕ್ಯಾಮೆರಾಗಳಿಗೆ 5,200 ಆಯಿತು. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರದ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಅಗ್ಗಕ್ಕೆ ಕೊಡುತ್ತೇನೆ ಎನ್ನುವ ಹಳೆಯ ದಾಸ್ತಾನಿಗೆ ಆಸೆಪಡಬೇಡಿ. ಮನೆಯ ಒಳಗೆ ಕ್ಯಾಮೆರಾ ಬೇಡವೆಂದು ನಾನು ಹಟ ಹಿಡಿದೆ. ನಮ್ಮ ನಡುಕೋಣೆಯನ್ನು ಯಾರೋ ಅಪರಿಚಿತರು ಪರದೆಯಲ್ಲಿ ನೋಡುವುದನ್ನು ನಾನು ಒಪ್ಪಲಾರೆ.

ಅವರ ಕೇಂದ್ರವನ್ನು ನೋಡಬೇಕೆಂದೆ, ಅದೂ ರಾತ್ರಿ. ಒಪ್ಪಿದರು. ಹನ್ನೊಂದು ಗಂಟೆಗೆ ಹೋದಾಗ ಮೂವರು ಎಚ್ಚರವಾಗಿ ಪರದೆಗಳ ಮುಂದೆ ಕುಳಿತಿದ್ದರು. ಕೇಳಬೇಕಾದುದನ್ನು ನಾನು ಬರೆದುಕೊಂಡು ಹೋಗಿದ್ದೆ. ನಮ್ಮ ಮನೆಯಿಂದ ಸಂಕೇತ ಬರುವುದೇ ನಿಂತುಹೋದರೆ ನಿಮಗೆ ಎಷ್ಟು ಹೊತ್ತಿಗೆ ತಿಳಿಯುತ್ತದೆ? ಮೊದಲ ಕರೆ ಯಾರಿಗೆ, ಎರಡನೆಯದು ಯಾರಿಗೆ? ಸ್ಥಳಕ್ಕೆ ಹೋಗುವ ಕಾವಲುಗಾರ ನಿಮ್ಮವನೋ, ಗುತ್ತಿಗೆಯವನೋ? ಕಾವಲುಗಾರರನ್ನು ಒದಗಿಸುವ ಸಂಸ್ಥೆಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಪರವಾನಗಿ ಬೇಕು. ಅದರ ಪ್ರತಿ ತೋರಿಸಲು ಕೇಳಿದೆ, ತೋರಿಸಿದರು. ಕಳವಾದರೆ ನಷ್ಟ ಕಟ್ಟಿಕೊಡುತ್ತೀರಾ ಎಂಬುದಕ್ಕೆ ಇಲ್ಲವೆಂದು ನೇರವಾಗಿ ಹೇಳಿದರು. ಮುಚ್ಚಿಡದೆ ಹೇಳಿದ್ದೇ ನನಗೆ ನಂಬಿಕೆ ತಂದಿತು.

ನಷ್ಟದ ಮಾತು ಬಂದದ್ದರಿಂದ ವಿಮೆಯ ಬಗ್ಗೆ ಒಂದಿಷ್ಟು. ಮನೆ ಸಾಲ ತೆಗೆದಾಗ ಮಾಡಿಸಿದ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ, ಕಳವು ಅದರಲ್ಲಿ ಬರುತ್ತದೆ ಎಂದೇ ನಾವು ನಂಬಿದ್ದೆವು. ಅದು ಬೆಂಕಿ, ಸಿಡಿಲು, ನೆರೆಯಂಥ ಅವಘಡಗಳಿಗೆ. ಅಂಥ ಅವಘಡದ ಕಾರಣದಿಂದ ಏಳು ದಿನದೊಳಗೆ ಆದ ಕಳವು ಮಾತ್ರ ಅದರಲ್ಲಿ ಸೇರುತ್ತದೆ. ಕನ್ನಗಳವಿಗೆ ಬೇರೆಯೇ ವಿಮೆ ಬೇಕು. ಆ ಪಾಲಿಸಿಗಳಲ್ಲಿ ಮನೆ ಸತತವಾಗಿ ಎಷ್ಟು ದಿನ ಖಾಲಿ ಇರಬಹುದು ಎಂಬ ಮಿತಿ ಇದೆಯೇ ಎಂದು ಓದಿ ನೋಡಿ. ನಾವು ನೋಡಿದ ಒಂದರಲ್ಲಿ ಮೂವತ್ತು ದಿನ ಎಂದಿತ್ತು, ನಾಲ್ಕು ತಿಂಗಳು ಹೋಗುವವರಿಗೆ ಅದರಿಂದ ಉಪಯೋಗವಿಲ್ಲ.

ನಿಗಾ ಕೇಂದ್ರಕ್ಕೆ ಕೊಟ್ಟ ದಾಖಲೆಗಳು: ಇಬ್ಬರ ಆಧಾರ್ ಪ್ರತಿ, ವಿದ್ಯುತ್ ಬಿಲ್ಲು, ಮನೆ ತೆರಿಗೆಯ ರಸೀದಿ, ಕೈಯಲ್ಲಿ ಬರೆದ ಮನೆಯ ನಕ್ಷೆ, ಗೇಟಿನ ಫೋಟೊ, ತುರ್ತಿಗೆ ಕರೆಯಬಹುದಾದ ಇಬ್ಬರ ಸಂಖ್ಯೆ ಮತ್ತು ಅವರ ಸಹಿ ಇರುವ ಒಪ್ಪಿಗೆ ಪತ್ರ. ಈ ಸಹಿಗಾಗಿ ಮಾಸ್ಟ್ರ ಮನೆಗೆ ಹೋದಾಗ ನಾನು ಸ್ಪಷ್ಟವಾಗಿ ಹೇಳಿದೆ: "ನೀವು ನಮ್ಮ ಅಂಗಳಕ್ಕೆ ಬರುವುದು ಬೇಡ ಮಾಸ್ಟ್ರೇ. ಕಾವಲುಗಾರ ಬಂದ ಮೇಲೆ ನಿಮ್ಮ ಜಗಲಿಯಿಂದಲೇ ದೀಪ ಹಾಕಿದರೆ ಸಾಕು." ಅವರು ನಕ್ಕು ಸಹಿ ಹಾಕಿದರು. ಬೀಗದ ಕೈಯನ್ನು ಅವರ ಮಗನ ಹತ್ತಿರ ಕೊಟ್ಟೆ.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಮೈನ್ ಸ್ವಿಚ್. ನಮ್ಮ ಊರಲ್ಲಿ ಮಳೆಗಾಲಕ್ಕೆ ಮನೆ ಮುಚ್ಚುವವರು ಮೈನ್ ಆಫ್ ಮಾಡಿಯೇ ಹೊರಡುತ್ತಾರೆ, ನನ್ನ ಅತ್ತೆಯ ಕಾಲದಿಂದಲೂ ಹಾಗೆಯೇ. ಆಫ್ ಮಾಡಿದರೆ ರೂಟರ್ ಸಾಯುತ್ತದೆ, ಕ್ಯಾಮೆರಾ ಸಾಯುತ್ತದೆ, ಪೆಟ್ಟಿಗೆಯ ಬ್ಯಾಟರಿ ಒಂದು ದಿನಕ್ಕೆ ಮುಗಿಯುತ್ತದೆ. ಆನ್ ಇಟ್ಟರೆ ಸಿಡಿಲು. ನಾವು ಯೋಚಿಸುತ್ತಿದ್ದಾಗಲೇ ಮೇ ತಿಂಗಳ ಒಂದು ಸಂಜೆ ಗುಡುಗು ಬಂದು ರೂಟರ್‌ನ ಅಡಾಪ್ಟರ್ ಸುಟ್ಟುಹೋಯಿತು. ಫೈಬರ್ ತಂತಿಯಲ್ಲಿ ವಿದ್ಯುತ್ ಹರಿಯದಿದ್ದರೂ ಕರೆಂಟಿನ ದಾರಿಯಿಂದ ಅದು ಒಳಗೆ ಬರುತ್ತದೆ. ಎಲೆಕ್ಟ್ರಿಷಿಯನ್ ಬಂದು ರೂಟರ್, ಪೆಟ್ಟಿಗೆ, ಕ್ಯಾಮೆರಾ ಮೂರಕ್ಕೇ ಒಂದು ಪ್ರತ್ಯೇಕ ಎಂಸಿಬಿ, ಎಂದರೆ ಹೆಚ್ಚು ಕರೆಂಟು ಹರಿದರೆ ತಾನೇ ಕಡಿಯುವ ಸ್ವಿಚ್, ಹಾಕಿದರು. ಮೀಟರಿನ ಬಳಿ ಸಿಡಿಲಿನ ಹೊಡೆತ ತಡೆಯುವ ಸಾಧನ ಕೂರಿಸಿ, ಅರ್ತಿಂಗ್ ಗುಂಡಿಯನ್ನು ಹೊಸದಾಗಿ ತೋಡಿಸಿದರು. 3,400 ರೂಪಾಯಿ. ಮನೆಯ ಉಳಿದ ಭಾಗವೆಲ್ಲ ಆಫ್. ರೂಟರಿಗೆ 1,600ರ ಸಣ್ಣ ಯುಪಿಎಸ್. ಹಂಚಿನ ಮನೆಯಲ್ಲಿ ಅಲಾರಂ ಇಡುವವರು ಈ ಕೆಲಸವನ್ನು ಮೊದಲು ಮಾಡಿಸಿ, ಪೆಟ್ಟಿಗೆ ಆಮೇಲೆ ಕೊಳ್ಳಿ.

ಹೊರಡುವ ಮುನ್ನ ಠಾಣೆಗೂ ಹೋಗಿ ಮನೆ ಖಾಲಿ ಇರುವ ದಿನಗಳನ್ನೂ ನಮ್ಮ ಸಂಖ್ಯೆಯನ್ನೂ ಬರೆದು ಕೊಟ್ಟೆವು. ಹತ್ತು ನಿಮಿಷದ ಕೆಲಸ. ಗಸ್ತಿನವರಿಗೆ ತಿಳಿಸುತ್ತೇವೆ ಎಂದರು.

ಜೂನ್ 8ರಂದು ಇಂದ್ರಾಳಿಯಲ್ಲಿ ರೈಲು ಹತ್ತಿದೆವು. ಮೊಮ್ಮಗಳು ಹುಟ್ಟಿದಳು, ಜುಲೈ ಪೂರ್ತಿ ನಾನು ಅಲಾರಂ ಇದೆಯೆಂಬುದನ್ನೇ ಮರೆತಿದ್ದೆ. ನಡುವೆ ಎರಡು ಸಲ ಕೇಂದ್ರದವರು ಕರೆ ಮಾಡಿದರು. ಒಮ್ಮೆ ಮರ ಬಿದ್ದು ತಂತಿ ಕಡಿದು ಹತ್ತೊಂಬತ್ತು ಗಂಟೆ ಕರೆಂಟು ಇರಲಿಲ್ಲ. ವೈಫೈ ಹೋಗಿದೆ, ಸಿಮ್‌ನಲ್ಲಿ ಪೆಟ್ಟಿಗೆ ಬದುಕಿದೆ ಎಂದು ತಿಳಿಸಿದರು. ಇನ್ನೊಮ್ಮೆ ಹಿಂದಿನ ಬಾಗಿಲ ಸೆನ್ಸರಿನ ಬ್ಯಾಟರಿ ಕ್ಷೀಣಿಸಿತ್ತು. ಮಾಸ್ಟ್ರ ಮಗ ಬದಲಾಯಿಸಿದ.

ಆಗಸ್ಟ್‌ನ ಒಂದು ರಾತ್ರಿ 2.40ಕ್ಕೆ ಫೋನ್ ಬಡಿಯಿತು. ಈ ಸಲ ಸೂಚನೆಯಲ್ಲ, ಮನುಷ್ಯನ ಕರೆ, ಎತ್ತುವವರೆಗೆ ಬಿಡಲಿಲ್ಲ. "ಅಮ್ಮಾ, ಚಾವಡಿಯಲ್ಲಿ ಚಲನೆ. ಹೊರಗಿನ ಕ್ಯಾಮೆರಾದಲ್ಲಿ ಜನ ಕಾಣುತ್ತಿಲ್ಲ. ನಮ್ಮವರು ಹೊರಟಿದ್ದಾರೆ." ತೊಟ್ಟಿಲ ಪಕ್ಕದಲ್ಲಿ ಫೋನ್ ಹಿಡಿದು ಕುಳಿತೆ. ಇಪ್ಪತ್ತೆರಡು ನಿಮಿಷ. ಮಾರ್ಚಿನಲ್ಲಿ ಆ ಅಕ್ಕ ಹೇಳಿದ ಸೀರೆಗಳ ಮಾತೇ ಕಿವಿಯಲ್ಲಿತ್ತು. ಕೊನೆಗೆ ಕಾವಲುಗಾರನೇ ಮಾತಾಡಿದ. ತೆಂಗಿನ ಮರದಿಂದ ದೊಡ್ಡ ಮಡಲು ಮಾಡಿನ ಮೇಲೆ ಬಿದ್ದಿದೆ, ಹಂಚು ಒಡೆದು ಮಳೆ ನೇರವಾಗಿ ಚಾವಡಿಗೆ ಸುರಿಯುತ್ತಿದೆ, ಮಡಲಿನ ತುದಿ ಸೆನ್ಸರಿನ ಮುಂದೆಯೇ ತೂಗಾಡುತ್ತಿದೆ. ಮಾಸ್ಟ್ರ ಮಗ ಬೀಗ ತೆರೆದ. ಮಾಸ್ಟ್ರು ತಮ್ಮ ಜಗಲಿಯ ದೀಪ ಹಾಕಿ ನಿಂತಿದ್ದರಂತೆ. ಕಾವಲುಗಾರನೂ ಮಾಸ್ಟ್ರ ಮಗನೂ ಸೇರಿ ಟಾರ್ಪಾಲು ಹೊದಿಸಿ, ಅತ್ತೆಯ ಕಾಲದ ಮರದ ಪೆಟ್ಟಿಗೆಯನ್ನು ಒಣಗಿದ ಕೋಣೆಗೆ ಎಳೆದಿಟ್ಟರು. ಬೆಳಿಗ್ಗೆ ಹನ್ನೊಂದು ಹಂಚು ಬದಲಾಯಿಸಿದರು. ಕೇಂದ್ರದ ಕರೆ ಇಲ್ಲದಿದ್ದರೆ ಆ ತೂತಿನಿಂದ ಎರಡು ತಿಂಗಳ ಮಳೆ ಸುರಿಯುತ್ತಿತ್ತು.

ಸಿಮ್ ರೀಚಾರ್ಜ್ ಮತ್ತು ಹಂಚಿನ ರಿಪೇರಿ ಬಿಟ್ಟು ಒಟ್ಟು ಖರ್ಚು 33,372 ರೂಪಾಯಿ. ಮೊದಲ ಪೆಟ್ಟಿಗೆಗೆ ಹಾಳಾದ 6,200 ಸೇರಿಸಿದರೆ 39,572. ಮನೆಯಲ್ಲಿ ಸದಾ ಯಾರಾದರೂ ಇರುವವರಿಗೆ, ಹತ್ತು ನಿಮಿಷದಲ್ಲಿ ಬರಬಲ್ಲ ತಮ್ಮನೋ ಭಾವನೋ ಊರಲ್ಲೇ ಇರುವವರಿಗೆ ತಿಂಗಳ ಶುಲ್ಕದ ಅಗತ್ಯ ನನಗೆ ಕಾಣುವುದಿಲ್ಲ. ಮೊಬೈಲಿಗೆ ಬರುವ ಸೂಚನೆಯೇ ಸಾಕು; ಆ ಆ್ಯಪ್‌ಗೆ ಮಾತ್ರ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಟ್ಟು, ಸೈಲೆಂಟಿನಲ್ಲೂ ಸದ್ದು ಬರುವಂತೆ ಮಾಡಿಕೊಳ್ಳಿ. ನಾವೂ ಈಗ ಮನೆಗೆ ಬಂದಿದ್ದೇವೆ. ಕೇಂದ್ರದ ಸೇವೆ ಡಿಸೆಂಬರಿಗೆ ಮುಗಿಯುತ್ತದೆ. ಮುಂದಿನ ಮೇ ತಿಂಗಳವರೆಗೆ ಮುಂದುವರಿಸುವುದಿಲ್ಲ ಎಂದು ಬರೆದು ಕೊಟ್ಟು, ಸ್ವೀಕೃತಿಯ ಸಹಿ ಪಡೆದಿದ್ದೇನೆ. ಗುಪ್ತಸಂಖ್ಯೆಯನ್ನೂ ಗುರುತಿನ ಪದವನ್ನೂ ನಿನ್ನೆ ಬದಲಾಯಿಸಿದೆ. ಬೀಗದ ಕೈ ಹಿಂದಕ್ಕೆ ಪಡೆಯಲು ಹೋದಾಗ ಅದನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎಂದರು ಮಾಸ್ಟ್ರು. ಬಿಟ್ಟು ಬಂದೆ.